ಗುರುವಾರ ಅವಳಿರುವುದಿಲ್ಲ

"ಎಲ್ಲಿಗೆ?"

ಟ್ರಕ್ಕಿನ ಕೀಲಿಗೆ ಚಾಚಿದ್ದ ಲೂಷಿಯಸ್ ಟಾಲಿವರ್‌ನ ಕೈ ಅಲ್ಲೇ ನಿಂತಿತು. ಹೆಂಡತಿ ಓಜೆಲ್ಲಾ ಒಲೆಯ ಮುಂದಿದ್ದಳು. ಸೊಪ್ಪು ಕದಡುತ್ತಿದ್ದವಳು ತಿರುಗಿಯೂ ನೋಡಿರಲಿಲ್ಲ.

"ಸುಮ್ನೆ. ಹೀಗೇ ಒಂದು ಸುತ್ತು."

"ಎಷ್ಟೊತ್ತಿಗೆ ಬರ್ತೀಯ?"

ಅವನು ಹೋಗಲಿಲ್ಲ. ಈಚೆಗೆ ಅವಳದು ಇದೇ ಪ್ರಶ್ನೆ. ಯಾವಾಗ ಹೋಗ್ತೀಯ, ಯಾವಾಗ ಬರ್ತೀಯ. ಏನೋ ಸುಳಿವು ಸಿಕ್ಕಿರಬೇಕು ಎಂದು ಅವನಿಗೆ ಅನುಮಾನ.

ಮೀನು ಕಾರ್ಖಾನೆ ನಡೆಯುತ್ತಿದ್ದಾಗ ಈ ತಾಪತ್ರಯ ಇರಲಿಲ್ಲ. ಇಬ್ಬರೂ ಅಲ್ಲೇ ದುಡಿಯುತ್ತಿದ್ದರು, ಪಾಳಿ ಮಾತ್ರ ಬೇರೆ. ಅವನ ಮಾತ್ರೆಗಳು ಕಾರ್ಖಾನೆಯ ಲಾಕರಿನಲ್ಲಿ ಇರುತ್ತಿದ್ದವು. ಕಾರ್ಖಾನೆ ಮುಚ್ಚಿತು, ಲಾಕರೂ ಹೋಯಿತು. ಈಗ ಹಗಲೂ ರಾತ್ರಿ ಈ ಎರಡು ಕೋಣೆಗಳಲ್ಲಿ ಇಬ್ಬರೇ. ಮಿಸಿಸಿಪ್ಪಿಯ ಆ ಪುಟ್ಟ ಊರಿನಲ್ಲಿ ಒಬ್ಬ ಕೆಮ್ಮಿದರೆ ಇಡೀ ಚರ್ಚಿಗೆ ಗೊತ್ತಾಗುತ್ತಿತ್ತು.

ಎಚ್‌ಐವಿ ಅವನಿಗೆ ಈ ಮದುವೆಗೆ ಎಷ್ಟೋ ಮೊದಲೇ ತಗುಲಿತ್ತು. ಮಾತ್ರೆ ತಪ್ಪಿಸದಿದ್ದರೆ ವೈರಸ್ಸು ತಲೆಯೆತ್ತುವುದಿಲ್ಲ, ಹೆಂಡತಿಗೆ ಹರಡುವುದೂ ಇಲ್ಲ ಎಂದು ಡಾಕ್ಟರು ಭರವಸೆ ಕೊಟ್ಟಿದ್ದರು. ಆ ಧೈರ್ಯದಲ್ಲೇ, ತಲೆ ನರೆತ ಮೇಲೆ, ಅವನು ಓಜೆಲ್ಲಾಳ ಕೈ ಹಿಡಿದಿದ್ದ. ಹೇಳುವುದನ್ನು ನಾಳೆ ನಾಳೆ ಎಂದು ಮುಂದೂಡಿದ್ದ. ಈಗ ಮಾತ್ರೆ ನಿಂತಿತ್ತು. ಬೆನ್ನುನೋವಿನ ನೆಪ ಹೇಳಿ ಸೋಫಾದ ಮೇಲೆ ಮಲಗತೊಡಗಿದ. ಅವಳು ಒಂದು ಮಾತೂ ಕೇಳಲಿಲ್ಲ. ತಾನೇ ಹೊದಿಕೆ ತಂದುಕೊಟ್ಟಳು. ಅದು ಅವನನ್ನು ಚುಚ್ಚಿತು.

ಮಧ್ಯಾಹ್ನ ಫೋನು ಬಂತು. ಆರೋಗ್ಯ ಕೇಂದ್ರದ ನರ್ಸ್ ಪೆಟ್ವೇ. ಲೂಷಿಯಸ್ ಫೋನು ಹಿಡಿದು ಹಿತ್ತಲಿಗೆ ನಡೆದ.

"ಔಷಧಿ ಬಿಟ್ಟವರ ಹೆಸರನ್ನ ಕಂಪ್ಯೂಟರ್ ಎತ್ತಿ ತೋರಿಸುತ್ತೆ, ಬ್ರದರ್ ಟಾಲಿವರ್. ನಿಮ್ಮದೂ ಬಂತು. ತೀರಿಕೊಂಡ್ರೇನೋ ಅಂದ್ಕೊಂಡೆ."

"ಅವಳು ಮನೇಲೇ ಇರ್ತಾಳೆ ಸಿಸ್ಟರ್. ಕಾಲು ಹೊರಗಿಟ್ರೆ ಎಲ್ಲಿಗೆ ಅಂತಾಳೆ."

ಹೆಂಡತಿಗೆ ಹೇಳಿಬಿಡಿ ಎಂದಳು ಪೆಟ್ವೇ. ಹೇಳಿದರೆ ಅವಳು ಅದೇ ದಿನ ಮನೆ ಬಿಡುತ್ತಾಳೆ, ತನಗೆ ಬಾಯಿ ಬರುವುದಿಲ್ಲ, ಬೇಕಾದರೆ ನೀವೇ ಹೇಳಿ ಎಂದ ಅವನು.

"ನನ್ನ ಬಾಯಿಗೆ ಕಾನೂನು ಬೀಗ ಹಾಕಿದೆ," ಎಂದಳು ನರ್ಸ್. "ಯಾರ ವಿಷಯಾನೂ ಯಾರಿಗೂ ಹೇಳೋ ಹಾಗಿಲ್ಲ. ಅದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ."

ಓಜೆಲ್ಲಾ ಗುರುವಾರ ಬೆಳಿಗ್ಗೆ ತಂಗಿಯ ಜೊತೆ ಗ್ರೀನ್‌ವಿಲ್‌ಗೆ ಹೋಗುವವಳಿದ್ದಳು. ಹತ್ತು ಗಂಟೆಯ ಹೊತ್ತಿಗೆ ಅವಳಿರುವುದಿಲ್ಲ, ಆಗ ಬರಬಹುದೇ ಎಂದು ಲೂಷಿಯಸ್ ಕೇಳಿದ.

ಆ ಕಡೆ ಕೀಲಿಮಣೆಯ ಟಕಟಕ ಕೇಳಿಸಿತು. ಆಮೇಲೆ ಅದೂ ಇಲ್ಲ. ಫೋನು ಕಡಿದುಹೋಯಿತೇನೋ ಎಂದುಕೊಂಡ.

"ಗುರುವಾರ ಹತ್ತಕ್ಕೇ ಬನ್ನಿ," ಎಂದಳು ಕೊನೆಗೆ. "ತಡ ಮಾಡ್ಬೇಡಿ."

ಗುರುವಾರ ಓಜೆಲ್ಲಾ ಒಳ್ಳೆಯ ಬಟ್ಟೆ ಉಟ್ಟಳು. ಇಡೀ ಬೆಳಿಗ್ಗೆ ಮನೆಯಲ್ಲೇ ಇರುತ್ತೀಯಲ್ಲ ಎಂದು ವಿಚಾರಿಸಿದಳು. ಹೂಂ ಎಂದ. ಅವಳು ತಂಗಿಯ ಕಾರು ಹತ್ತಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೊರಟ. ಟ್ರಕ್ಕನ್ನು ಆರೋಗ್ಯ ಕೇಂದ್ರದ ಹಿಂದೆ, ಬೀದಿಗೆ ಕಾಣದಂತೆ ನಿಲ್ಲಿಸಿ, ಟೋಪಿ ಕೆಳಗೆಳೆದುಕೊಂಡು ಒಳಗೆ ಕಾಲಿಟ್ಟ.

ಕಾಯುವ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಓಜೆಲ್ಲಾ.

ಅಂತೂ ಹಿಡಿದಳು. ಗ್ರೀನ್‌ವಿಲ್ಲೂ ಸುಳ್ಳು, ತಂಗಿಯೂ ಶಾಮೀಲು. ತನಗೇ ಬಲೆ ಬೀಸಿ ಮೊದಲೇ ಬಂದು ಕೂತಿದ್ದಾಳೆ. ಇನ್ನು ಓಡಿ ಪ್ರಯೋಜನವಿರಲಿಲ್ಲ. ಟೋಪಿ ತೆಗೆದ. ಎಲ್ಲವನ್ನೂ ಹೇಳಿಬಿಡೋಣವೆಂದು ಬಾಯಿ ತೆರೆದ.

ಅಷ್ಟರಲ್ಲಿ ಅವಳೇ ಎದ್ದು ನಿಂತಳು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

"ಲೂಷಿಯಸ್, ನನ್ನ ಕಾಯಿಲೆ ವಿಷಯ ನಿನಗೆ ಯಾರು ಹೇಳಿದ್ರು?"