ಕೆಂಪು ಟಗರಿನ ಮುಖ

ಹೊಸ ಫೋನು ಶನಿವಾರ ಬೆಳಗ್ಗೆ ಮನೆಗೆ ಬಂತು. ಭಾನುವಾರ ಬೆಳಗ್ಗೆ ಮುನೀಶ್ವರನಿಗೆ ಟಗರು ಕಡಿಯುವುದೆಂದು ನಿಶ್ಚಯವಾಗಿತ್ತು. ಫೋನು ಬೇಡವಾದರೆ ಸೋಮವಾರದೊಳಗೆ ಹಿಂದಿರುಗಿಸಬೇಕಿತ್ತು. ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ತೀರ್ಮಾನವನ್ನು ಮೋಹನ್‌ರಾಜ್ ತನ್ನ ತಂಗಿ ಮೇನಕಾಳಿಗೆ ವಹಿಸಿದ್ದ. ಸೇಲಂನಲ್ಲಿ ಭೌತಶಾಸ್ತ್ರ ಓದಿ ಬಂದ ಅವಳು ಯಾವುದನ್ನೂ ಅಳೆದು ನೋಡದೆ ಒಪ್ಪಿಕೊಳ್ಳುವವಳಲ್ಲ.

ಮೊದಲು ಬ್ಯಾಟರಿ, ಆಮೇಲೆ ಸಿಗ್ನಲ್, ಕೊನೆಗೆ ಕ್ಯಾಮೆರಾ. ಬ್ಯಾಟರಿ ಗಟ್ಟಿಯಾಗಿತ್ತು. ಹಿತ್ತಲಿನ ಮೂಲೆಯಲ್ಲೂ ಸಿಗ್ನಲ್ ಸಿಕ್ಕಿತು. ಬಿಸಿಲಿಗೆ ಹಿಡಿದರೆ ಮಾತ್ರ ಪರದೆ ಮಂಕಾಗುತ್ತಿತ್ತು, ಅದೊಂದು ಕೊರತೆ. ಅಣ್ಣನ ಹಳೆಯ ಚಿತ್ರಗಳನ್ನೆಲ್ಲ ತುಂಬಿದಾಗ ಫೋನು ತಾನಾಗಿಯೇ ಮುಖಗಳನ್ನು ಗುರುತಿಸಿ, ಒಬ್ಬೊಬ್ಬರನ್ನೂ ಒಂದೊಂದು ಸಾಲಿನಲ್ಲಿ ಜೋಡಿಸಿಟ್ಟಿತು: ಅಮ್ಮ, ಅಣ್ಣ, ಮೇನಕಾ, ಹೋದ ವರ್ಷ ತೀರಿಕೊಂಡ ಅಪ್ಪ ದೊಡ್ಡಮುನಿಯಪ್ಪ. ಅಪ್ಪನ ಸಾಲಿನ ತುದಿಯಲ್ಲಿ ಅಂದೇ ತೆಗೆದ ಚಿತ್ರವೊಂದು ಸೇರಿಕೊಂಡಿತ್ತು. ಹಿತ್ತಲಿನ ಗೂಟಕ್ಕೆ ಕಟ್ಟಿದ್ದ ಕೆಂಪು ಟಗರು.

ಮೇನಕಾ ಅದನ್ನು ಅಳಿಸಿದಳು. ಬೆಳಕು ಬದಲಿಸಿ, ನಿಂತ ಜಾಗ ಬದಲಿಸಿ ಮತ್ತೆ ಮತ್ತೆ ತೆಗೆದಳು. ಪ್ರತಿ ಸಲವೂ ಟಗರು ಅಪ್ಪನ ಸಾಲಿಗೇ ಹೋಗಿ ನಿಂತಿತು. ಕೆಳಗೆ ಫೋನು ವಿನಯದಿಂದ ಕೇಳುತ್ತಿತ್ತು: ‘ಇಬ್ಬರೂ ಒಬ್ಬರೇ ಅಲ್ಲವೇ?’ ಪಕ್ಕದ ಮನೆಯ ಪಳನಿಯ ಟಗರೂ ಅದೇ ಮೇಚೇರಿ ತಳಿಯದು; ಅದೇ ಕೆಂಪು ಮೈ, ಅದೇ ಕೊಂಬಿಲ್ಲದ ತಲೆ. ಅದರ ಚಿತ್ರ ತೆಗೆದರೆ ಫೋನಿಗೆ ಅಲ್ಲಿ ಮುಖವೇ ಕಾಣಲಿಲ್ಲ.

“ಅಣ್ಣಾ, ಕ್ಯಾಮೆರಾದಾಗೆ ಏನೋ ಪ್ರಾಬ್ಲಂ ಐತೆ. ನಮ್ ಟಗರನ್ನ ಅಪ್ಪ ಅಂತೈತೆ.”

“ಜೀವಮಾನ ಎಲ್ಲಾ ಸಂತೇಲಿ ಟಗರು ಮಾರ್ದೋನಲ್ವಾ, ಮೂತಿ ಅಂಗೇ ಆಗಿತ್ತು ಬುಡು!” ಮೋಹನ್‌ರಾಜ್ ಗಟ್ಟಿಯಾಗಿ ನಕ್ಕ.

ಪಾತ್ರೆ ತೊಳೆಯುತ್ತಿದ್ದ ಅಮ್ಮ ಮುನಿಶಾಮಮ್ಮ ನಗಲಿಲ್ಲ. “ಅದು ಕಾಪಿ ಕುಡೀತೈತೆ ಕಣಮ್ಮಾ. ನಿಮ್ಮಪ್ಪನ ಲೋಟದಾಗೇ. ಸಕ್ಕರೆ ಆಕುದ್ರೆ ಮಾತ್ರ ಮುಟ್ಟಾಕಿಲ್ಲ.”

“ಸರಿಯಾಗೋಯ್ತು. ಸುಗರ್ ಮಾತ್ರೇನೂ ಕೊಟ್ಬುಡಮ್ಮ!” ಎಂದವನ ನಗು ಅರ್ಧಕ್ಕೇ ನಿಂತಿತು. ಅಪ್ಪನಿಗೆ ಸಕ್ಕರೆ ಕಾಯಿಲೆಯಿತ್ತು.

ಅಮ್ಮ ಕೈ ಒರೆಸಿಕೊಂಡು ಮಗಳ ಮುಂದೆ ಬಂದು ನಿಂತಳು. “ನೀನು ಓದ್ದೋಳು, ನೀನೇ ಯೇಳು. ಆ ಪೋನು ಸರಿಯಾಗೈತಾ, ಕೆಟ್ಟೋಗೈತಾ? ಸರಿಯಾಗೈತೆ ಅಂದ್ರೆ ನಾಳೆ ಅದ್ರ ಕುತ್ಗೆ ಮುಟ್ಟಾಕೆ ನಾನು ಬುಡಾಕಿಲ್ಲ.”

“ಅಮ್ಮಾ, ಸುಮ್ಮಾ ಇರು. ಅದು ಅಪ್ಪನ ಅರಕೆ. ಇವ್ಳು ಜರದಾಗೆ ಮಲಗಿದ್ದಾಗ, ಮಗಳು ಉಳುದ್ರೆ ಟಗರು ಕೊಡ್ತೀನಿ ಅಂತ ಸಾಮಿಗೆ ಮಾತು ಕೊಟ್ಟಿದ್ದ. ತೀರುಸ್ದೆ ಓದ. ನಾವೂ ತಪ್ಪುದ್ರೆ ಸಾಮಿ ಯಾರನ್ನ ಕೇಳ್ತಾನೆ? ಇವ್ಳನ್ನೇ ತಾನೆ?”

ಒಂದೇ ಉಪಕರಣದ ಮಾತು ಸಾಲದು, ಇನ್ನೊಂದು ಬೇಕು ಎಂದು ಮೇನಕಾ ಯೋಚಿಸಿದಳು. ಇನ್ನೊಂದು ಮನೆಯಲ್ಲೇ ಇತ್ತು. ಅಪ್ಪನ ಹಳೆಯ ಫೋನು ಅಪ್ಪನ ಮುಖ ಕಂಡರೆ ಮಾತ್ರ ತೆರೆಯುತ್ತಿತ್ತು. ಅದರ ಗುಟ್ಟಿನ ಅಂಕಿ ಯಾರಿಗೂ ತಿಳಿದಿರಲಿಲ್ಲ. ಅವನು ಹೋದಂದಿನಿಂದ ಅದು ತೆರೆದಿರಲಿಲ್ಲ. ಆದರೂ ಅಮ್ಮ ಅದಕ್ಕೆ ತಪ್ಪದೆ ಚಾರ್ಜ್ ಹಾಕಿ, ದೀಪ ಕಾಯುವಂತೆ ಆರಗೊಡದೆ ಗೂಡಿನಲ್ಲಿಟ್ಟಿದ್ದಳು.

ಭಾನುವಾರ ಬೆಳಗ್ಗೆ ಟಗರಿಗೆ ಅರಿಸಿನ ಹಚ್ಚಿ, ಬೇವಿನ ಸೊಪ್ಪಿನ ಹಾರ ಹಾಕಿ ಹಿತ್ತಲಿನಲ್ಲೇ ಇದ್ದ ಮುನೀಶ್ವರನ ಕಲ್ಲಿನ ಮುಂದೆ ನಿಲ್ಲಿಸಿದರು. ಪಳನಿ ಕತ್ತಿಯನ್ನು ಕಂಕುಳಲ್ಲಿಟ್ಟುಕೊಂಡು ಅದರ ಬೆನ್ನ ಮೇಲೆ ನೀರು ಸುರಿದ. ಟಗರು ಮೈ ಕೊಡವಿದರೆ ಸ್ವಾಮಿ ಒಪ್ಪಿದಂತೆ, ಕೊಡವದಿದ್ದರೆ ಕಡಿಯುವಂತಿಲ್ಲ. ಅದು ಅಲುಗಲಿಲ್ಲ. ಮತ್ತೆ ಸುರಿದ. ಕಿವಿಯ ತುದಿಯಿಂದ ನೀರು ತೊಟ್ಟಿಕ್ಕಿತೇ ಹೊರತು ಟಗರು ಕಲ್ಲಿನಂತೆ ನಿಂತಿತ್ತು.

“ಸಾಮಿ ಇನ್ನಾ ಒಪ್ಪಿಲ್ಲ,” ಎಂದ ಪಳನಿ.

ಮೇನಕಾ ಅಪ್ಪನ ಫೋನು ಹಿಡಿದು ಮುಂದೆ ಬಂದಳು. ಮೊದಲು ಅಪ್ಪನದೇ ಅಚ್ಚು ಎಂದು ಊರೆಲ್ಲ ಹೇಳುವ ಅಣ್ಣನಿಗೆ ತೋರಿಸಿದಳು. ಮುಖ ಹೊಂದುತ್ತಿಲ್ಲ ಎಂದಿತು ಫೋನು. ಬೇಲಿಯಾಚೆ ನಿಂತಿದ್ದ ಪಳನಿಯ ಟಗರಿಗೆ ತೋರಿಸಿದಳು. ಹೊಂದುತ್ತಿಲ್ಲ. ಆಮೇಲೆ ಕೆಂಪು ಟಗರಿನ ಮುಂದೆ ಮಂಡಿಯೂರಿ ಹಿಡಿದಳು. ಟಗರು ಕತ್ತನ್ನು ತುಸು ಹಿಂದಕ್ಕೆಳೆದುಕೊಂಡು, ಕಣ್ಣು ಕಿರಿದು ಮಾಡಿ ನೋಡಿತು. ಕನ್ನಡಕ ಸಿಗದಾಗ ಅಪ್ಪ ಫೋನನ್ನು ನೋಡುತ್ತಿದ್ದುದೇ ಹಾಗೆ.

ಟಕ್ಕೆಂದು ಫೋನು ತೆರೆದುಕೊಂಡಿತು.

ಪರದೆಯ ತುಂಬ ಮೇನಕಾಳ ಚಿತ್ರವಿತ್ತು. ಜ್ವರ ಬಿಟ್ಟ ಮಾರನೆಯ ದಿನದ್ದು, ಬಡಕಲು ಮುಖ, ಹಣೆಯಲ್ಲಿ ಮುನೀಶ್ವರನ ವಿಭೂತಿ. ಟಗರು ಆ ಚಿತ್ರವನ್ನು ನೋಡಿತು. ಬಹಳ ಹೊತ್ತು ನೋಡಿತು. ಆಮೇಲೆ, ಯಾರೂ ನೀರು ಸುರಿಯದಿದ್ದರೂ, ತಲೆಯಿಂದ ಬಾಲದವರೆಗೆ ಒಮ್ಮೆ ಮೈ ಕೊಡವಿತು.

“ಒಪ್ಕೊಂಡ್ತು!” ಪಳನಿ ಕತ್ತಿ ಎತ್ತಿದ. ಅಮ್ಮ ಮಗಳ ರಟ್ಟೆಯನ್ನು ಬಿಗಿಯಾಗಿ ಹಿಡಿದಳು. ಅಣ್ಣ ಅವಸರಪಡಿಸಿದ, “ಬೇಗ ಯೇಳ್ಬುಡು ಮೇನಕಾ, ಪೋನು ಕೆಟ್ಟೋಗೈತೆ ಅಂತ.”

ಮೇನಕಾ ಟಗರಿನ ಕತ್ತನ್ನು ಎರಡೂ ಕೈಗಳಿಂದ ಬಳಸಿಕೊಂಡಳು.

“ಪೋನು ಸರಿಯಾಗೇ ಐತೆ.”