ಒಂದು ಬುರುಡೆಗೆ ಒಂದು ಅಸ್ಥಿಪಂಜರ

ಇದು ಬುರುಡೆ ಬಿಡುವ ಕತೆಯಲ್ಲ, ಬುರುಡೆ ಒಡೆದ ಕತೆ. ಮೆಡಿಕಲ್ ಕಾಲೇಜಿನ ತಲೆಬುರುಡೆಯನ್ನು ಹಾಸ್ಟೆಲ್ಲಿಗೆ ಒಯ್ದು ಒಡೆದವನು ಮೌಳಿ. ಬುರುಡೆ ಒಯ್ದವರ ರಿಜಿಸ್ಟರಿನಲ್ಲಿ ವಾದಿರಾಜನ ಸಹಿ ಇತ್ತೆಂದು ಆರು ತಿಂಗಳು ಸಸ್ಪೆಂಡ್ ಆದವನು ವಾದಿರಾಜ.

ಎಂಟು ವರ್ಷ ಹಲ್ಲು ಕಚ್ಚಿಕೊಂಡಿದ್ದ. ಈಗ ತಾನು ಓದುತ್ತಿದ್ದ ಜರ್ಮನಿಗೇ ಮೌಳಿಯೂ ಓದಲು ಬಂದಿಳಿದಾಗ, ಜರ್ಮನ್ ಭಾಷೆಯ ಗಂಧಗಾಳಿ ಇಲ್ಲದ ಅವನನ್ನು ವೈದ್ಯಚರಿತ್ರೆಯ ಮ್ಯೂಸಿಯಮ್ಮಿಗೆ ತಾನೇ ಕರೆದೊಯ್ದ. ಒಳಗೆ ಮೇಜಿನ ಮೇಲೊಂದು ದಪ್ಪ ಪುಸ್ತಕವಿತ್ತು.

"ನೋಡೋಕೆ ಬಂದೋರೆಲ್ಲ ಇದ್ರಲ್ಲಿ ಸಹಿ ಹಾಕ್ಬೇಕು ಕಣೋ," ಎಂದ ವಾದಿರಾಜ, ಹಳೆಯ ಅನಾಟಮಿ ಮೇಷ್ಟ್ರ ಮೂಗುದನಿ ತೆಗೆದ: "ಬೇಗ ಮಿಸ್ಟರ್ ಮೌಳಿ, ಮೂಳೆಗಳು ಕಾಯ್ತಿವೆ!"

ಮೌಳಿ ನಗುತ್ತಲೇ ಗೀಚಿದ. ಮೇಜಿನ ಹಿಂದೆ ಕೂತಿದ್ದಾಕೆ ಮುದ್ರೆ ಒತ್ತಿ ಪುಸ್ತಕವನ್ನು ಒಳಕ್ಕೆ ಒಯ್ದಳು.

"ಅದು ದೇಹದಾನದ ರಿಜಿಸ್ಟರ್ ಕಣೋ! ಸತ್ತ ಮೇಲೆ ನೀನು ಈ ಗಾಜಿನ ಪೆಟ್ಟಿಗೇಲಿ ನಿಲ್ತೀಯ. ಅಲ್ಲಿ ಒಡೆದ ಬುರುಡೆಗೆ ಇಲ್ಲಿ ಇಡೀ ಅಸ್ಥಿಪಂಜರ!" ವಾದಿರಾಜ ಹೊಟ್ಟೆ ಹಿಡಿದುಕೊಂಡು ನಕ್ಕ.

ಮೌಳಿ ಅದಕ್ಕಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ರಿಜಿಸ್ಟರ್ ಕಂಡ್ರೆ ಇವತ್ತಿಗೂ ನನ್ನ ಕೈ ನಿನ್ನ ಸಹೀನೇ ಹಾಕೋದು ಕಣೋ, ವಾದಿ!"