ಪೀಟರನ ಒಂದು ರನ್ನು

ನೋವಿನ ಮುಲಾಮಿನ ವಾಸನೆ ಬಂದರೆ ನನಗೆ ಈಗಲೂ ಪೀಟರ್ ನೆನಪಾಗುತ್ತಾನೆ.

ನನಗೆ ಹನ್ನೊಂದು ವರ್ಷವಾಗಿದ್ದಾಗ ಸ್ಯಾನ್ ಡಿಯೆಗೊದಲ್ಲಿ ಹೊಸ ಬೇಸ್‌ಬಾಲ್ ತಂಡವೊಂದು ಹುಟ್ಟಿತು. ಬೇರೆ ಊರುಗಳಿಂದ ಬಂದ ಅದರ ಆಟಗಾರರನ್ನು ಊರಿನ ಜನರೇ ತಮ್ಮ ಮನೆಗಳಲ್ಲಿ ಇಟ್ಟುಕೊಂಡಿದ್ದರು. ಆ ಊರಿನ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ನಮ್ಮ ಮನೆಗೆ ಬಂದವನು ಪೀಟರ್. ಆ ಮೊದಲ ಸೀಸನ್‌ನಲ್ಲಿ ತಂಡ ಸೋಲುತ್ತಲೇ ಹೋಯಿತು. ಪೀಟರ್ ಒಂದು ರನ್ನನ್ನೂ ಗಳಿಸಿರಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಬಂದಾಗಲೆಲ್ಲ, ಧಾರವಾಡದಿಂದ ಬಂದಿದ್ದ ನನ್ನ ಅಜ್ಜಿ ಅವನನ್ನು ಕೂರಿಸಿ ಭುಜಕ್ಕೆ ಮುಲಾಮು ತಿಕ್ಕುತ್ತಿದ್ದಳು.

"ನಾಳೆ ಆಗ್ತದ ಬಿಡಪಾ," ಎನ್ನುತ್ತಿದ್ದಳು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಅವನು ನಾಚಿಕೊಂಡು ನಗುತ್ತಿದ್ದ.

ಕೊನೆಯ ಆಟ ಲಾಸ್ ಏಂಜಲೀಸ್‌ನಲ್ಲಿತ್ತು. ಅಪ್ಪ ಮಧ್ಯಾಹ್ನದ ಬಿಸಿಲಲ್ಲಿ ಡ್ರೈವ್ ಮಾಡಿ ನಮ್ಮನ್ನು ಕರೆದುಕೊಂಡು ಹೋದರು. ಆಟ ಮುಗಿಯುತ್ತ ಬಂದಾಗ ಪೀಟರ್ ಹೇಗೋ ಮೂರನೆಯ ಬೇಸ್ ತಲುಪಿದ್ದ; ಅಲ್ಲಿಂದ ಹೊರಟ ಜಾಗಕ್ಕೆ, ಹೋಮ್ ಪ್ಲೇಟಿಗೆ, ಓಡಿ ಬಂದರೆ ಒಂದು ರನ್ನು. ಅವನ ನಂತರ ಬ್ಯಾಟ್ ಹಿಡಿದವನು ಚೆಂಡನ್ನು ದೂರಕ್ಕೆ ಹೊಡೆದ. ಅಜ್ಜಿ ಸೀರೆಯ ನೆರಿಗೆ ಎತ್ತಿ ಹಿಡಿದು ಬೆಂಚಿನ ಮೇಲೆ ಹತ್ತಿ ನಿಂತಳು.

"ಓಡೋ ತಮ್ಮಾ, ಹಿಂದ ನೋಡಬ್ಯಾಡ!"

ಪೀಟರ್ ಓಡಿ ಬಂದು, ಹೊಟ್ಟೆಯ ಮೇಲೆ ಜಾರಿ, ಧೂಳೆಬ್ಬಿಸಿ ಹೋಮ್ ಪ್ಲೇಟ್ ಮುಟ್ಟಿದ. ನಾವು ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿದೆವು. ಆಟ ಮುಗಿದಾಗ ನಮ್ಮವರದು ಅದೊಂದೇ ರನ್ನು, ಅವರದು ಒಂಬತ್ತು. ನಾವು ಇನ್ನೂ ಚಪ್ಪಾಳೆ ತಟ್ಟುತ್ತಿದ್ದೆವು. ಮುಂದಿನ ಸಾಲಿನ ಮುದುಕರೊಬ್ಬರು ತಿರುಗಿ, ನೀವು ಸೋತಿದ್ದು ಗೊತ್ತಾಯಿತಲ್ಲವೇ ಎಂದು ಮೆಲ್ಲಗೆ ಕೇಳಿದರು. ಅಜ್ಜಿಗೆ ಅದನ್ನು ಹೇಳಿದೆ.

"ಗೊತ್ತೈತಿ ಅಂತ ಹೇಳವಾ," ಎಂದಳು ಅಜ್ಜಿ. "ಅಲ್ಲಿ ಮಣ್ಣು ಝಾಡಿಸ್ಕೋತ ನಿಂತಾನಲ್ಲ, ಅಂವ ನಮ್ಮ ಮನಿ ಹುಡುಗ ಅಂತನೂ ಹೇಳು."

ಹೇಳಿದೆ. ಆ ಮುದುಕರು ಎದ್ದು ನಿಂತು ಪೀಟರನ ಕಡೆ ತಿರುಗಿ ತಾವೂ ಚಪ್ಪಾಳೆ ತಟ್ಟಿದರು.